ಕರುವಿನ ಕಿವಿಗೆ ಹೊಲಿದ ಚೀಲ

ಕರೆಂಟು ಹೋಗಬಹುದಿತ್ತು. ಹೆಬ್ಬಾಳದಲ್ಲಿ ಆಗ ಕರೆಂಟು ಹೋಗುವುದಕ್ಕೆ ಕಾರಣವೇ ಬೇಕಿರಲಿಲ್ಲ. ಹೋದರೆ ಪ್ರಯೋಗಾಲಯದ ಫ್ರಿಜ್ಜು ನಿಂತು ಒಳಗಿದ್ದದ್ದೆಲ್ಲ ಹಳಸಿದ ಸಾರಾಗುತ್ತಿತ್ತು. ಫ್ಲಾಸ್ಕಿನಲ್ಲಿ ತರುವ ಐಸು ದಾರಿಯಲ್ಲೇ ಕರಗಬಹುದಿತ್ತು. ನಮ್ಮ ಸಾರ್ ಅವರ ಸ್ಕೂಟರು ಆರ್.ಟಿ. ನಗರದಿಂದ ಕೆಂಪಾಪುರಕ್ಕೆ ಬರುವಾಗ, ಯಾವಾಗಲೂ ಕೈಕೊಡುವ ಜಾಗದಲ್ಲೇ ಕೈಕೊಡಬಹುದಿತ್ತು. ಕರು ತಲೆಯನ್ನು ಕಂಬಕ್ಕೆ ಉಜ್ಜಿ ಉಜ್ಜಿ ಕಿವಿಯ ಚೀಲ ಹರಿದುಕೊಳ್ಳಬಹುದಿತ್ತು. ಚೀಲ ಹರಿದರೆ ಉಣ್ಣಿಗಳು ಹೊರಬಿದ್ದು, ಪಕ್ಕದ ಮನೆಯ ಕೋಳಿಗಳು ನಮ್ಮ ವರ್ಷಗಳ ಕೆಲಸವನ್ನು ಹೆಕ್ಕಿ ನುಂಗಿ ಸುಮ್ಮನೆ ಮೊಟ್ಟೆಯಿಡಬಹುದಿತ್ತು. ಕೋಳಿಗೂ ಸಿಗದೆ ಉಳಿದವು ಊರ ದನಗಳಿಗೆಲ್ಲ ಹತ್ತಿ, ಊರವರು ನನ್ನನ್ನು ಅರಳಿಕಟ್ಟೆಗೆ ಕರೆಸಿ ಪಂಚಾಯಿತಿ ಮಾಡಬಹುದಿತ್ತು. ಒಂದು ಉಣ್ಣಿ ನನ್ನ ಕಂಕುಳನ್ನೇ ಹಿಡಿಯಬಹುದಿತ್ತು. ಕರುವಿಗೆ ಜ್ವರ ಬರಬಹುದಿತ್ತು. ಕರು ಸಾಯಬಹುದಿತ್ತು. ಈ ಯೋಚನೆ ಬಂದಾಗಲೆಲ್ಲ ಊಟದ ತಟ್ಟೆ ಬಿಟ್ಟೆದ್ದು, ಕೊಟ್ಟಿಗೆಗೆ ಹೋಗಿ ಅದರ ಮೂಗಿಗೆ ಕೈಯೊಡ್ಡಿ ಉಸಿರು ನೋಡಿಬರುತ್ತಿದ್ದೆ. ಕರು ನನ್ನ ಅಂಗೈಯನ್ನು ನೆಕ್ಕಿ ಸಾರಿನ ರುಚಿ ನೋಡುತ್ತಿತ್ತು.

ಇವುಗಳಲ್ಲಿ ಒಂದೂ ಆಗಲಿಲ್ಲ. ಆದದ್ದು ಬೇರೆಯೇ ಒಂದು, ಬಹಳ ಸಣ್ಣದು, ನನ್ನ ಚಿಂತೆಗೆ ಹೊಳೆಯದೇ ಹೋದದ್ದು. ಚಿಂತೆಯಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಹೆಮ್ಮೆ ನನಗಿದ್ದುದರಿಂದ ಇದೊಂದು ಅವಮಾನವೂ ಹೌದು. ನನ್ನ ಹೆಂಡತಿ ಹೇಳುವುದುಂಟು: “ನಿಮ್ಗೆ ಚಿಂತೆ ಮಾಡೋದಕ್ಕೇ ಸರ್ಕಾರ ಒಂದು ಹುದ್ದೆ ಕೊಡ್ಬೇಕಿತ್ತು ಕಣ್ರೀ. ಪ್ರಮೋಷನ್ ಮೇಲೆ ಪ್ರಮೋಷನ್ ಸಿಕ್ಕಿರೋದು.” ಈ ವಯಸ್ಸಿನಲ್ಲೂ ಬಸ್ ಸ್ಟಾಪಿನವರೆಗೆ ಹೋದವನು ಬೀಗ ಹಾಕಿದೆನೋ ಇಲ್ಲವೋ ಎಂದು ವಾಪಸು ಬರುತ್ತೇನೆ. ಬೀಗ ಹಾಕಿಯೇ ಇರುತ್ತದೆ. ಅದಕ್ಕೂ ಬೇಜಾರಾಗುತ್ತದೆ.

ಎಂಬತ್ತರ ದಶಕದ ಮೊದಲ ವರ್ಷಗಳ ಮಾತಿದು. ಹೆಬ್ಬಾಳದ ಕಡೆ ಜಾನುವಾರುಗಳ ಬಗ್ಗೆ ಸಂಶೋಧನೆ ನಡೆಯುತ್ತಿದ್ದ ಒಂದು ಪ್ರಯೋಗಾಲಯದಲ್ಲಿ ನಾನು ಸಹಾಯಕನಾಗಿದ್ದೆ. ಮದುವೆಗೆ ಹೆಣ್ಣು ನೋಡಲು ಹೋದಾಗ “ಹುಡುಗನಿಗೆ ಏನು ಕೆಲಸ?” ಎಂದರೆ ನಮ್ಮ ಸೋದರಮಾವ “ಸೈನ್ಸು” ಎಂದು ಹೇಳಿ ಬಾಯಿ ಮುಚ್ಚಿಕೊಳ್ಳುತ್ತಿದ್ದ. ನಿಜವಾದ ಕೆಲಸ ಉಣ್ಣಿ ಸಾಕುವುದು. ದನದ ಕಿವಿ, ಕೆಚ್ಚಲು, ಬಾಲದ ಬುಡ ಹಿಡಿದು ರಕ್ತ ಕುಡಿಯುತ್ತವಲ್ಲ, ಅವೇ. ಮೊಟ್ಟೆಯಿಂದ ಮರಿ ಮಾಡಿಸಿ, ಮರಿಗಳನ್ನು ದೊಡ್ಡವು ಮಾಡಿ, ದೊಡ್ಡವಾದ ಮೇಲೆ ಅವುಗಳ ಹೊಟ್ಟೆ ಸೀಳಿ, ಜೊಲ್ಲಿನ ಗ್ರಂಥಿಗಳನ್ನು ಹೊರತೆಗೆದು ಐಸಿನ ಮೇಲಿಡುವುದು. ಸೂಕ್ಷ್ಮದರ್ಶಕದ ಕೆಳಗೆ ಆ ಗ್ರಂಥಿಗಳು ದ್ರಾಕ್ಷಿ ಗೊಂಚಲಿನಂತೆ ಕಾಣುತ್ತವೆ. ಯಲಹಂಕದಾಚೆಗಿನ ತೋಟಗಳ ದ್ರಾಕ್ಷಿ ಮನೆಗೆ ಬಂದಾಗ ನಾನು ಮುಟ್ಟುತ್ತಿರಲಿಲ್ಲ.

ಇದೆಲ್ಲ ಯಾಕೆಂದರೆ, ಆ ಜೊಲ್ಲಿನಲ್ಲಿ ಒಂದು ವಿಶೇಷವಿತ್ತು. ಸೊಳ್ಳೆ ಕಚ್ಚುತ್ತದೆ, ಕುಡಿಯುತ್ತದೆ, ಹಾರಿಹೋಗುತ್ತದೆ. ಉಣ್ಣಿ ಹಾಗಲ್ಲ, ದನದ ಮೈಮೇಲೆ ಸಂಸಾರ ಹೂಡುತ್ತದೆ. ಒಮ್ಮೆ ಬಾಯಿ ಊರಿದರೆ ವಾರವಾದರೂ ಕದಲುವುದಿಲ್ಲ. ಗಾಯವಾದ ಕಡೆ ರಕ್ತ ಹೆಪ್ಪುಗಟ್ಟಿ ಬಾಯಿ ಮುಚ್ಚಬೇಕಾದದ್ದು ದೇಹದ ಧರ್ಮ. ಈಳಿಗೆ ಮಣೆ ತಗುಲಿದ ಬೆರಳು ಸ್ವಲ್ಪ ಹೊತ್ತಿಗೆ ಒಣಗುವುದು ಅದರಿಂದಲೇ. ಆದರೆ ಉಣ್ಣಿ ಕೂತ ಜಾಗದಲ್ಲಿ ರಕ್ತ ತನ್ನ ಧರ್ಮ ಮರೆತು ಹರಿಯುತ್ತಲೇ ಇರುತ್ತದೆ. ಮರೆಸುವುದು ಜೊಲ್ಲಿನೊಳಗಿನ ಪ್ರೋಟೀನುಗಳು. ಅಂಥದೊಂದು ಪ್ರೋಟೀನನ್ನು ಬೇರೆಯದರ ಜೊತೆ ಕಲಸಿಕೊಳ್ಳದಂತೆ ಬಿಡಿಯಾಗಿ ಹಿಡಿದು ನೋಡಬೇಕೆಂಬುದು ನಮ್ಮ ಸಾರ್ ಅವರ ಆಸೆಯಾಗಿತ್ತು. ಅವರಿಗೆ ಆ ಆಸೆ ಯಾವಾಗ ಹುಟ್ಟಿತೋ ತಿಳಿಯದು. ನಾನು ಕೆಲಸಕ್ಕೆ ಸೇರುವಾಗಲೇ ಅದು ಹಳೆಯದಾಗಿತ್ತು.

ಸಾರ್ ತೆಳ್ಳಗಿದ್ದರು, ಬಿಳಿ ಗಡ್ಡ, ಸದಾ ಇಸ್ತ್ರಿ ಮಾಡಿದ ಅಂಗಿ. ಮನೆಯಲ್ಲಿ ದಖ್ಖನಿ ಉರ್ದು, ಹೊರಗೆ ನಮ್ಮೆಲ್ಲರಿಗಿಂತ ಮೆತ್ತಗಿನ ಕನ್ನಡ. ನಾನು ಹತ್ತು ಸಲ ಕೇಳಿದ್ದನ್ನೇ ಹನ್ನೊಂದನೇ ಸಲ ಕೇಳಿದಾಗ ಮಾತ್ರ ಮನೆಯ ಭಾಷೆ ಹೊರಬರುತ್ತಿತ್ತು: “ಫಿಕರ್ ನಕ್ಕೋ ರೇ!” ಚಿಂತೆ ಬೇಡವೋ ಎಂದು. ಅವರ ಪರೀಕ್ಷೆ ನೋಡುವುದಕ್ಕೆ ಬಹಳ ಸರಳ. ಗಾಜಿನ ಸಣ್ಣ ಕೊಳವೆಯಲ್ಲಿ ರಕ್ತದ ಮೇಲಿನ ಹಳದಿ ತಿಳಿಯನ್ನು ಹಾಕಿ, ಹೆಪ್ಪುಗಟ್ಟಿಸುವ ಲವಣದ ನೀರು ಬೆರೆಸಿ, ಉಗುರುಬೆಚ್ಚಗಿನ ನೀರಿನ ಬೋಗುಣಿಯಲ್ಲಿ ಇಡುತ್ತಿದ್ದರು. ಆಮೇಲೆ ಎತ್ತಿ ಬೆಳಕಿಗೆ ಹಿಡಿದು ವಾಲಿಸುವುದು, ಇಡುವುದು, ಮತ್ತೆ ಎತ್ತಿ ವಾಲಿಸುವುದು. ಬರಿಯ ತಿಳಿಯಾದರೆ ಬೇಗ ಗಟ್ಟಿಯಾಗಿ ಮೊಸರಿನ ಹಾಗೆ ನಿಂತುಬಿಡುತ್ತದೆ. ಉಣ್ಣಿಯ ಗ್ರಂಥಿ ಅರೆದ ರಸ ಬೆರೆಸಿದ್ದರೆ ಅದು ಹರಿಯುತ್ತಲೇ ಇರುತ್ತದೆ.

ಆ ರಸದಲ್ಲಿ ನೂರೆಂಟು ಪದಾರ್ಥ ಇರುತ್ತವೆ. ಅದನ್ನು ಉದ್ದನೆಯ ಗಾಜಿನ ಕೊಳಾಯಿಯ ಮೂಲಕ ನಿಧಾನವಾಗಿ ಇಳಿಸಿದರೆ ಬೇರೆಬೇರೆ ಪದಾರ್ಥಗಳು ಬೇರೆಬೇರೆ ಹೊತ್ತಿಗೆ ತೊಟ್ಟಿಕ್ಕುತ್ತವೆ. ಹಾಗೆ ತೊಟ್ಟಿಕ್ಕಿದ್ದನ್ನು ಸಾಲಾಗಿ ಹಿಡಿದಿಟ್ಟು ಒಂದೊಂದನ್ನೂ ಪರೀಕ್ಷಿಸುತ್ತಿದ್ದೆವು. ಸಾರ್ ನಿವೃತ್ತರಾಗುವುದಕ್ಕೆ ಹಿಂದಿನ ವರ್ಷ ಆ ಸಾಲಿನಲ್ಲಿ ಒಂದೇ ಒಂದು ಕೊಳವೆಯ ಹನಿ ಬೆರೆಸಿದಾಗ ತಿಳಿ ಹೆಪ್ಪುಗಟ್ಟಲೇ ಇಲ್ಲ. ಅಕ್ಕಪಕ್ಕದವೆಲ್ಲ ಗಟ್ಟಿ, ಅದೊಂದು ಮಾತ್ರ ನೀರು. ಸಾರ್ ಅದನ್ನು ಊಟದ ಹೊತ್ತು ಮೀರುವವರೆಗೂ ವಾಲಿಸಿದರು. ನಾನು, “ಸಾರ್, ಸಿಕ್ತಲ್ಲ, ಬರೆದು ಕಳಿಸೋಣ” ಎಂದೆ.

“ಒಂದ್ಸಲ ಕಂಡಿದ್ದು ಕಣ್ಣಿನ ಆಸೆ ಇರಬಹುದು ಕಣಪ್ಪ. ಎರಡನೇ ಸಲ ಕಂಡ್ರೆ ನಿಜ.”

ಎರಡನೇ ಸಲ ನೋಡಲು ಬೇಸಿಗೆಯೆಲ್ಲ ಪ್ರಯತ್ನಿಸಿದೆವು. ಒಮ್ಮೆ ಫ್ರಿಜ್ಜು ಕೈಕೊಟ್ಟಿತು, ಒಮ್ಮೆ ಗ್ರಂಥಿಗಳೇ ಸಾಲಲಿಲ್ಲ. ಅಷ್ಟರಲ್ಲಿ ಸಾರ್ ನಿವೃತ್ತರಾಗುವ ಜನವರಿ ಹತ್ತಿರ ಬಂತು. ತಿಂಗಳ ಕೊನೆಗೆ ಅವರು ಹೋದರೆ ಆ ಕೋಣೆ ಬೇರೆಯವರಿಗೆ, ಉಣ್ಣಿಯ ಮೇಲೆ ಪ್ರೀತಿಯಿದ್ದವರು ಅಲ್ಲಿ ಇನ್ನೊಬ್ಬರಿರಲಿಲ್ಲ. ಮೊಟ್ಟೆಯಿಂದ ಬೆಳೆಸಿದ, ರೋಗವಿಲ್ಲದ, ಒಂದೇ ವಯಸ್ಸಿನ ಉಣ್ಣಿಗಳು ಒಂದು ಬಾಟಲಿಯಷ್ಟು ಉಳಿದಿದ್ದವು. ಇನ್ನೊಂದು ಪೀಳಿಗೆ ಬೆಳೆಯಬೇಕಾದರೆ ತಿಂಗಳುಗಳು ಬೇಕು. ಎರಡನೇ ಸಲ ನೋಡುವುದಿದ್ದರೆ ಆ ಬಾಟಲಿಯಿಂದಲೇ ನೋಡಬೇಕಿತ್ತು.

ಈಗ ಸಾರ್ ಇಲ್ಲ. ಆ ಜನವರಿಯ ಕೊನೆಗೆ ಅವರಿಗೆ ಹಾರ ಹಾಕಿ, ಒಂದು ಗೋಡೆ ಗಡಿಯಾರ ಕೊಟ್ಟು ಕಳಿಸಿದೆವು. ಕೆಲವು ವರ್ಷ ರಂಜಾನಿಗೆ ಅವರ ಮನೆಗೆ ಹೋಗಿ ಬರುತ್ತಿದ್ದೆ. ಉಣ್ಣಿಯ ಮಾತು ಅವರೂ ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ. ಅವರು ತೀರಿಕೊಂಡ ಎಷ್ಟೋ ಕಾಲದ ಮೇಲೆ, ಎಲ್ಲೋ ಹೊರದೇಶಗಳಲ್ಲಿ ಉಣ್ಣಿಯ ಜೊಲ್ಲಿನಿಂದ ಅಂಥ ಪ್ರೋಟೀನುಗಳನ್ನು ಬೇರ್ಪಡಿಸಿದ್ದಾರೆಂದು ಓದಿದೆ. ಓದಿ, ಎದ್ದುಹೋಗಿ ಗ್ಯಾಸು ಆರಿಸಿದೆನೋ ಇಲ್ಲವೋ ನೋಡಿ ಬಂದೆ. ಬೇರೇನು ಮಾಡಬೇಕೆಂದು ತೋಚಲಿಲ್ಲ. ಆ ಚೀಲ ಹೊಲಿದ ನಮ್ಮಮ್ಮನೂ ಈಗಿಲ್ಲ. ಕೆಲಸ ಕೈಗೂಡಲಿಲ್ಲವೆಂದು ನೀವು ಊಹಿಸಿಯೇ ಇರುತ್ತೀರಿ. ಹೇಗೆ ಎಂಬುದೊಂದು ಉಳಿದಿದೆ.

ಉಣ್ಣಿಗಳನ್ನು ಬಿಡಲು ಹೆಸರಘಟ್ಟದ ಕಡೆಯಿಂದ ಒಂದು ಸೀಮೆ ಹೋರಿಗರು ಬರುವುದಿತ್ತು. ಅದು ಬರುವ ವಾರವೇ ನಮ್ಮಲ್ಲಿಯ ಕೊಟ್ಟಿಗೆಯಲ್ಲಿ ಕಾಲುಬಾಯಿ ಜ್ವರ ಕಾಣಿಸಿಕೊಂಡಿತು. ಹೊಸ ಕರುವನ್ನು ಅಲ್ಲಿ ಇಳಿಸುವ ಹಾಗಿಲ್ಲ, ಕಾಯುವುದಕ್ಕೆ ದಿನಗಳಿಲ್ಲ. ಸಾರ್ ಗಡ್ಡ ಕೆರೆದುಕೊಳ್ಳುತ್ತ ಕೂತಿದ್ದರು. ನಾನು ಬಾಯಿ ತಪ್ಪಿ, “ನಮ್ಮನೆ ಕೊಟ್ಟಿಗೆ ಖಾಲಿ ಇದೆ ಸಾರ್” ಎಂದುಬಿಟ್ಟೆ.

ಖಾಲಿಯಾಗಿ ವರ್ಷವಾಗುತ್ತ ಬಂದಿತ್ತು. ಕೆಂಪಾಪುರ ಆಗಿನ್ನೂ ಊರು. ನಮ್ಮದು ಸೊಪ್ಪು, ರಾಗಿ ಬೆಳೆಯುವ ಮನೆ. ಅಪ್ಪ ಹಿಂದಿನ ಚಳಿಗಾಲದ ಆರಂಭದಲ್ಲಿ ತೀರಿಕೊಂಡಿದ್ದರು. ಅವರ ಕೈಗೆ ಒಗ್ಗಿದ್ದ ಹಸು ಅಮ್ಮನಿಗೆ ಸೊರೆ ಬಿಡಲಿಲ್ಲ, ಹಾಲು ಕೊಡಲಿಲ್ಲ. ಒದ್ದು, ಕೂಗಿ, ದಾರಿ ನೋಡಿ ನೋಡಿ ಒಣಗಿತು. ಕೊನೆಗೆ ಅಟ್ಟೂರಿನ ಕಡೆಯವರಿಗೆ ಕೊಟ್ಟೆವು. ವರ್ಷದೊಳಗೆ ಸಾವಿನ ಮನೆಯಲ್ಲಿ ಹಬ್ಬವಿಲ್ಲ. ಆ ಸಲದ ಸಂಕ್ರಾಂತಿಗೆ ಊರಿನ ದನಗಳೆಲ್ಲ ಅರಿಶಿನ ಬಳಿದುಕೊಂಡು ನಮ್ಮ ಬಾಗಿಲ ಮುಂದೆ ಹೋಗುವಾಗ ಅಮ್ಮ ಒಳಗೆ ಕದ ಹಾಕಿಕೊಂಡು ಅವರೆಕಾಯಿ ಸುಲಿಯುತ್ತಿದ್ದಳು. ಅಂದಿನಿಂದ ಅವಳ ಮಾತು ಅಡಿಗೆಗೆ ಬೇಕಾದಷ್ಟೇ ಉಳಿದಿತ್ತು. ಉಪ್ಪು ಸಾಕಾ, ಬೇಕಾ. ಅಷ್ಟೇ.

ವ್ಯಾನಿನಿಂದ ಕರು ಇಳಿದಾಗ ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಗೆ ಬಂದಳು. ಕರು ಅವಳನ್ನು ನೋಡಿತು, ಅವಳು ಕರುವನ್ನು ನೋಡಿದಳು. “ಏನ್ಲಾ ಇದು, ಇಷ್ಟೊಂದು ಸೊರಗೈತೆ? ಆಲು ಕಾಣ್ದೆ ಎಷ್ಟು ದಿನ ಆಯ್ತೋ” ಎಂದಳು. ವರ್ಷದ ಮೇಲೆ ಕೇಳಿದ ಉದ್ದನೆಯ ವಾಕ್ಯ ಅದು.

ಕರು ಬಂದದ್ದೇಕೆಂದು ಹೇಳಿದಾಗ ವಾಕ್ಯಗಳು ಇನ್ನೂ ಉದ್ದವಾದವು. “ಊರೋರೆಲ್ಲ ಉಣ್ಗ ಕೀಳ್ತಾರೆ, ನೀನು ಉಣ್ಗ ಬುಡ್ತೀನಿ ಅಂತೀಯಲ್ಲೋ! ನಿಮ್ಮಪ್ಪ ಒಲ ಉತ್ತು ನಿನ್ನ ಓದ್ಸಿದ್ದು ಇದಕ್ಕೇನ್ಲಾ?”

ಕರುವಿನ ಜೊತೆ ಬಂದಿದ್ದ ಸಾರ್ ಜಗಲಿಯ ಮೇಲೆ ಕೂತು ಅವಳು ಕೊಟ್ಟ ಮಜ್ಜಿಗೆ ಕುಡಿಯುತ್ತಿದ್ದರು. “ಅಮ್ಮಾ, ಹಾಲಿಗೆ ಹೆಪ್ಪು ಹಾಕ್ತೀರಲ್ಲ, ಬೆಳಿಗ್ಗೆ ಎದ್ದು ನೋಡಿದ್ರೆ ಹಾಲು ಹಾಗೇ ಇದೆ. ಏನಂತೀರಾ?”

“ಯಾರೋ ಏನೋ ಮಾಡವ್ರೆ ಅಂತೀನಿ.”

“ಹಾಂ. ಆ ಯಾರೋ ಯಾರು ಅಂತ ಹುಡುಕ್ತಾ ಇದ್ದೀನಿ.”

“ಸಿಕ್ಕಿದ್ರೆ ಏನ್ ಮಾಡ್ತೀರಿ ಸಾಮಿ?”

“ಏನೂ ಇಲ್ಲ. ನೋಡಿ, ಸಲಾಂ ಹೇಳಿ, ಮನೆಗೆ ಹೋಗ್ತೀನಿ. ರಿಟೈರು.”

ಅಮ್ಮ ನಕ್ಕಳು. ಆ ನಗು ಕೇಳಿ ಪಕ್ಕದ ಮನೆಯ ಅಕ್ಕ ಬೇಲಿಯ ಮೇಲಿಂದ ಇಣುಕಿದ್ದು ನನಗೆ ನೆನಪಿದೆ.

ಉಣ್ಣಿಗಳು ಚೆಲ್ಲಾಪಿಲ್ಲಿಯಾಗದಂತೆ ಕರುವಿನ ಕಿವಿಗಳಿಗೆ ಬಟ್ಟೆಯ ಚೀಲ ತೊಡಿಸಿ, ಬುಡದಲ್ಲಿ ಅಂಟಿಸಿ, ಅದರೊಳಗೆ ಉಣ್ಣಿ ಬಿಡುವುದು ನಮ್ಮ ಪದ್ಧತಿ. ನಾನು ಕಚೇರಿಯಿಂದ ತಂದಿದ್ದ ಚೀಲವನ್ನು ಅಮ್ಮ ಮುಟ್ಟಿ ನೋಡಿ, “ಗೋಣಿ ತಟ್ಟು ಇದ್ದಂಗೈತೆ, ಎಳೇ ಕಿವಿ ತರಚ್ಕಂಡು ಓಯ್ತದೆ” ಎಂದು ಒಳಗೆ ಹೋದಳು. ಟ್ರಂಕು ತೆರೆದ ಸದ್ದಾಯಿತು. ಹೊರಬಂದಾಗ ಕೈಯಲ್ಲಿ ಅಪ್ಪನ ಪಂಚೆ ಇತ್ತು, ಒಗೆದು ಒಗೆದು ಮೆತ್ತಗಾದದ್ದು. ಮಡಿಕೆ ಬಿಚ್ಚಿ ಕತ್ತರಿ ಹಾಕಿದಳು. ನಾನು ಇನ್ನೊಂದು ಅಂಚು ಹಿಡಿದುಕೊಂಡೆ. ಒತ್ತೊತ್ತು ಹೊಲಿಗೆಯ ಎರಡು ಚೀಲ ಸಿದ್ಧವಾದವು. ಸೈಕಲ್ ಪಂಕ್ಚರಿಗೆ ಹಾಕುವ ಸಲ್ಯೂಷನ್ನಿನಿಂದ ಬುಡ ಅಂಟಿಸಿದೆವು. ಸಾರ್ ಬಾಟಲಿಯನ್ನು ಬಗ್ಗಿಸಿ, ಸಣ್ಣ ಬ್ರಷ್ಷಿನಿಂದ ಕಡೆಯ ಉಣ್ಣಿಯವರೆಗೂ ಒಳಗೆ ಬಿಟ್ಟರು. ಚೀಲದ ಬಾಯನ್ನು ಲಾಡಿಯಿಂದ ಕಟ್ಟಿದರೆ ಸಾಕಿತ್ತು. ದಿನಾ ಬಿಚ್ಚಿ ನೋಡಬಹುದಿತ್ತು. ಆದರೆ ಲಾಡಿ ಸಡಿಲವಾದರೆ? ಕರು ಕಾಲಿನಿಂದ ಕೆರೆದರೆ? ಎರಡು ದಿನ ನಿದ್ದೆಯಿಲ್ಲದೆ ಕಳೆದು, ಮೂರನೇ ದಿನ ಅಮ್ಮನಿಗೆ ಹೇಳಿ ಬಾಯಿಯನ್ನೂ ಸೂಜಿಯಿಂದ ಹೊಲಿಸಿಬಿಟ್ಟೆ. ಸಾರ್ ನೋಡಿ, “ನೀನು ಜೈಲರ್ ಆಗ್ಬೇಕಿತ್ತಪ್ಪ” ಎಂದರು. ಆಮೇಲೆ ಒಳಗೇನು ನಡೆದಿದೆ ಎಂಬುದು ಕಣ್ಣಿಗೆ ಕಾಣುವಂತಿರಲಿಲ್ಲ, ಬಟ್ಟೆಯ ಮೇಲಿಂದ ಬೆರಳಿನಲ್ಲಿ ತಡವಿ ನೋಡಬೇಕಿತ್ತು.

ತಡವುವುದರಲ್ಲಿ ಅಮ್ಮನ ಬೆರಳು ಚುರುಕು. ಜನವರಿ ಅವರೆಯ ಕಾಲ. ಹಿತಕಿದ ಬೇಳೆಗೆಂದು ನೆನೆಸಿದ ಕಾಳನ್ನು ದಿನವಿಡೀ ಹಿತಕುತ್ತಿದ್ದ ಬೆರಳು ಅವು. ಉಣ್ಣಿ ಪೂರ್ತಿ ಕುಡಿದು ಅವರೆಕಾಳಿನಷ್ಟು ಊದಿಕೊಂಡರೆ ತಾನೇ ಕಳಚಿ ಬೀಳುತ್ತದೆ, ಬಿದ್ದ ಮೇಲೆ ಜೊಲ್ಲಿನ ಗ್ರಂಥಿ ಕರಗಿಹೋಗುತ್ತದೆ. ಅದಕ್ಕೆ ಸ್ವಲ್ಪ ಮುಂಚೆ, ಅರ್ಧ ಕುಡಿದಾಗ, ಗ್ರಂಥಿ ತುಂಬಿಕೊಂಡಿರುವಾಗಲೇ ತೆಗೆಯಬೇಕು ಎಂದು ಸಾರ್ ಹೇಳಿಕೊಟ್ಟಿದ್ದರು. ಸಂಜೆ ನಾನು ಸೈಕಲ್ಲು ಇಳಿಯುವ ಮೊದಲೇ ಅಮ್ಮನ ವರದಿ ಶುರುವಾಗುತ್ತಿತ್ತು: “ಇವತ್ತು ಎಸರುಕಾಳು ಆಗವೆ.” ಮರುದಿನ, “ತೊಗರಿಗೆ ಬಂದವೆ ಕಣ್ಲಾ.” ಕರುವಿಗೆ ಗಂಜಿ, ಹುರುಳಿ ನುಚ್ಚು, ನನಗಿಂತ ಮೊದಲು ಊಟ. ತಲೆ ಕೊಡವಿದರೆ ಓಡಿಹೋಗಿ ಕಿವಿಯ ಬುಡ ನೀವುತ್ತಿದ್ದಳು. “ನವೆ ಆಯ್ತದಾ ಮಗಾ? ಇನ್ನೊಂದೀಟು ದಿನ ತಡ್ಕೋ.” ಪಕ್ಕದ ಮನೆಯ ಅಕ್ಕ, “ಏನಕ್ಕ, ಕರಕ್ಕೆ ಕುಲಾವಿ ಒಲ್ದಿದ್ದೀಯಾ? ಬಾಣಂತನ ಯಾರದು?” ಎಂದು ಹಾಸ್ಯ ಮಾಡಿದರೆ, “ನಂದೇ ಕಣೆ, ನೀನ್ ಬಂದು ನೀರ್ ಉಯ್ಯಿ” ಎನ್ನುತ್ತಿದ್ದಳು. ಕೆಲಸ ಮುಗಿದ ಮೇಲೆ ಕರು ವಾಪಸು ಹೋಗಬೇಕೆಂಬುದು ಅವಳಿಗೆ ಗೊತ್ತಿತ್ತು. ಒಮ್ಮೆ ಕೇಳಿದಳು: “ಅಬ್ಬ ಮುಗಿಸ್ಕಂಡ್ ತಾನೇ ಓಗೋದು?” ನಾನು ಹೌದೆಂದೆ.

ಸಾರ್ ತಡವಿ ನೋಡಿ, ಸಂಕ್ರಾಂತಿಯ ಮರುದಿನ ಬೆಳಿಗ್ಗೆ ತೆಗೆಯೋಣ ಎಂದು ಗೊತ್ತುಮಾಡಿದರು.

ಹಬ್ಬದ ದಿನ ನಾನು ಏನು ಮಾಡಬೇಕಿತ್ತು? ಮನೆಯಲ್ಲಿ ಕೂತು ಪೊಂಗಲ್ ತಿನ್ನಬೇಕಿತ್ತು. ಫ್ರಿಜ್ಜಿನ ಚಿಂತೆ ಹತ್ತಿ, ಎಣ್ಣೆನೀರು ಹಾಕಿಕೊಂಡ ತಲೆ ಆರುವ ಮೊದಲೇ ಸೈಕಲ್ಲು ಹತ್ತಿ ಹೆಬ್ಬಾಳಕ್ಕೆ ಹೋದೆ. ಫ್ರಿಜ್ಜು ಗುಯ್‌ಗುಡುತ್ತಿತ್ತು. ಅದನ್ನು ಸ್ವಲ್ಪ ಹೊತ್ತು ಕೇಳಿಕೊಂಡು ಕೂತು, ಗಾಜಿನ ಸಾಮಾನನ್ನು ಮತ್ತೊಮ್ಮೆ ತೊಳೆದಿಟ್ಟು, ಮಧ್ಯಾಹ್ನ ಮೀರಿ ಮನೆಗೆ ಬಂದೆ. ಬಾಗಿಲಿಗೆ ಮಾವಿನೆಲೆ ಇತ್ತು. ವರ್ಷ ಕಳೆದ ಮೇಲಿನ ಮೊದಲ ಹಬ್ಬ. ಕರು ಮೈತೊಳೆಸಿಕೊಂಡು, ಅರಿಶಿನ ಬಳಿಸಿಕೊಂಡು, ಕೊರಳಲ್ಲಿ ಚೆಂಡುಹೂವಿನ ಸರ ಹಾಕಿಕೊಂಡು, ಅರ್ಧ ಸರ ತಿಂದು ನಿಂತಿತ್ತು. ಕಿವಿಯ ಚೀಲಗಳೂ ಬೆಳ್ಳಗಿದ್ದವು, ಹೊಲಿಗೆ ಭದ್ರವಾಗಿತ್ತು. ತಡವಿ ನೋಡಲು ಕೈ ಚಾಚಿದೆ.

“ಮುಟ್ಬ್ಯಾಡ ಕಣ್ಲಾ. ಇವತ್ತೊಂದಿನ ಅದ್ರ ಪಾಡಿಗೆ ಬುಡು. ಅಬ್ಬ ಅದ್ಕೂ.”

ಅವಳ ಮುಖ ನೋಡಿ ಕೈ ಹಿಂದಕ್ಕೆ ತೆಗೆದುಕೊಂಡೆ. ಅಷ್ಟು ಕಳೆಯಾಗಿ ಅವಳನ್ನು ಕಂಡು ಬಹಳ ದಿನವಾಗಿತ್ತು.

ಸಂಜೆ ಊರಿನ ದನಗಳಿಗೆ ಕಿಚ್ಚು ಹಾಯಿಸುವಾಗ ಅಮ್ಮ ನಮ್ಮ ಅಂಗಳದಲ್ಲೂ ಒಂದು ಹಿಡಿ ಹುಲ್ಲು ಹಚ್ಚಿದಳು. ಕರು ಬೆಂಕಿ ನೋಡಿ ಹಿಂದೆ ಸರಿಯಿತು. ಹಾರಿಸದೆ ಅದರ ಸುತ್ತ ಒಂದು ಸುತ್ತು ನಡೆಸಿದಳು. ಆಮೇಲೆ ಎಲೆಯ ಪೊಟ್ಟಣವೊಂದನ್ನು ಕರುವಿಗೆ ನಿವಾಳಿಸಿ ಕಿಚ್ಚಿಗೆ ಹಾಕಿದಳು. ಚಟಚಟ ಎಂದಿತು. ದೃಷ್ಟಿ ತೆಗೆದ ಉಪ್ಪು ಎಂದುಕೊಂಡೆ. “ಎಷ್ಟು ದಿಷ್ಟಿ ನೋಡು” ಎಂದು ಪಕ್ಕದ ಮನೆಯ ಅಕ್ಕನೂ ಹೇಳಿದಳು.

ಮರುದಿನ ಬೆಳಿಗ್ಗೆ ಎಲ್ಲವೂ ಸರಿಯಾಗಿಯೇ ನಡೆಯಿತು. ಸ್ಕೂಟರು ದಾರಿಯಲ್ಲಿ ನಿಲ್ಲಲಿಲ್ಲ. ಫ್ಲಾಸ್ಕು ತುಂಬ ಗಟ್ಟಿ ಐಸು. ಸಾರ್ ಹೊಸ ಅಂಗಿ ತೊಟ್ಟಿದ್ದರು. ಕೇಳಿದ್ದಕ್ಕೆ, ಮಗಳು ಕೊಡಿಸಿದ್ದು, ನೆಪ ಬೇಕಿತ್ತು ಎಂದರು. ಸಣ್ಣ ಚಿಮುಟ, ಗಾಜಿನ ತಟ್ಟೆ, ಬ್ರಷ್ಷು ಎಲ್ಲವನ್ನೂ ಬಿಳಿ ಬಟ್ಟೆಯ ಮೇಲೆ ಜೋಡಿಸಿದೆ. ಜೋಡಿಸಿ ನೋಡಿ, ಮತ್ತೆ ಜೋಡಿಸಿದೆ. “ಫಿಕರ್ ನಕ್ಕೋ ರೇ” ಎಂದವರು ತಾವೇ ಚಿಮುಟವನ್ನು ಎತ್ತಿಕೊಂಡು ಮತ್ತೊಮ್ಮೆ ಒರೆಸಿದರು. ಅಮ್ಮ ಕರುವಿನ ಹಗ್ಗ ಹಿಡಿದು ತಂದಳು. ಸಾರ್ ಕತ್ತರಿಯನ್ನು ಅವಳ ಕಡೆ ಚಾಚಿ, “ಹೊಲಿದವರು ನೀವು, ನೀವೇ ಬಿಚ್ಚಿ ಅಮ್ಮಾ” ಎಂದರು.

ಅಮ್ಮ ಕತ್ತರಿ ತೆಗೆದುಕೊಳ್ಳಲಿಲ್ಲ. ರವಿಕೆಯಲ್ಲಿ ಸಿಕ್ಕಿಸಿದ್ದ ಸೂಜಿ ತೆಗೆದು, ದಾರದ ತುದಿ ಹುಡುಕುತ್ತ, “ಇದೇನ್ ಮಹಾ, ನಿನ್ನೆನೂ ಬಿಚ್ಚಿ ಒಲ್ದೆ” ಎಂದಳು.

ಸಾರ್ ಅವರಿಗೆ ಆಗಲೇ ಅರ್ಥವಾಯಿತೆಂದು ಕಾಣುತ್ತದೆ. ಏಕೆಂದರೆ ಅವರು ಕೈಯಲ್ಲಿದ್ದ ಚಿಮುಟವನ್ನು ಬಟ್ಟೆಯ ಮೇಲೆ ನಿಧಾನವಾಗಿ ಇಟ್ಟರು. ನಾನು ಮಾತ್ರ ಇನ್ನೂ ಗಾಜಿನ ತಟ್ಟೆ ಹಿಡಿದು ಬಗ್ಗಿದ್ದೆ.

ದಾರ ಸರ್ರನೆ ಬಂತು. ಚೀಲದ ಒಳಗೆ ಕಿವಿ ಮಾತ್ರ ಇತ್ತು. ಹೊಂಗೆ ಎಣ್ಣೆ ಸವರಿ ಮಿರುಗುತ್ತಿದ್ದ, ಅರಿಶಿನದ ವಾಸನೆಯ, ಸ್ವಚ್ಛವಾದ ಕಿವಿ. ಒಳಮೈಯಲ್ಲಿ ಅಲ್ಲಲ್ಲಿ ಕೆಂಪು ಚುಕ್ಕೆ. ಇನ್ನೊಂದು ಕಿವಿಯೂ ಹಾಗೆಯೇ. ಕರು ಗಾಳಿ ತಗುಲಿದ ಸುಖಕ್ಕೆ ಎರಡೂ ಕಿವಿಗಳನ್ನು ಪಟಪಟ ಬಡಿಯಿತು.

“ಅಮ್ಮಾ, ಉಣ್ಣಿ ಎಲ್ಲಿ?” ತಟ್ಟೆ ಹಿಡಿದುಕೊಂಡೇ ಕೇಳಿದೆ.

“ಕಿಚ್ಚಿಗಾಕ್ದೆ. ಚಟಚಟ ಅನ್ಲಿಲ್ವಾ, ನೀನೇ ನಿಂತಿದ್ದೆ.” ಆಮೇಲೆ ಸಾರ್ ಕಡೆ ತಿರುಗಿ, “ಒಂದೂ ಬುಟ್ಟಿಲ್ಲ ಸಾಮಿ, ಬೆರಳಲ್ಲಿ ಹುಡುಕಿ ಹುಡುಕಿ ಕಿತ್ತೆ. ಕಿವೀಲಿ ಉಣ್ಗ ಇಟ್ಕಂಡು ಯಾವ ಕರಾನೂ ಅಬ್ಬ ಮಾಡಲ್ಲ. ಇವತ್ತು ನಿಮ್ಮ ಬಾಟ್ಲೀಲಿರೋವ್ನ ಮತ್ತೆ ಬುಟ್ಕಳಿ, ನಾನೇ ಒಲ್ಕೊಡ್ತೀನಿ. ಸಾಲ್ದಿದ್ರೆ ಊರ್ ತುಂಬಾ ಅವೆ, ಉಣ್ಗಕ್ಕೇನು ಬರ.”

ಖಾಲಿ ಬಾಟಲಿ ನಮ್ಮ ಜಗಲಿಯ ಗೂಡಿನಲ್ಲೇ ಇತ್ತು. ಸಾರ್ ಅದರ ಕಡೆ ಒಮ್ಮೆ ನೋಡಿದರು. ನಾನು ಏನೋ ಹೇಳಲು ಬಾಯಿ ತೆರೆದೆ. ಅವರು ನನ್ನ ಮೊಣಕೈ ಹಿಡಿದರು. ಹಿಡಿದದ್ದು ನನ್ನನ್ನು ತಡೆಯಲೋ, ತಾವು ನಿಲ್ಲಲೋ, ಇಂದಿಗೂ ಗೊತ್ತಿಲ್ಲ.

ಆಮೇಲೆ ಅವರು ಕರುವಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ಕಿವಿಯನ್ನು ಬೆಳಕಿಗೆ ಹಿಡಿದರು. ಗಾಜಿನ ಕೊಳವೆ ಹಿಡಿಯುವ ಹಾಗೆಯೇ, ಎರಡು ಬೆರಳಿನಲ್ಲಿ. ಆ ಕಡೆ ಸ್ವಲ್ಪ ವಾಲಿಸಿದರು, ಈ ಕಡೆ ಸ್ವಲ್ಪ.

“ಕೀಳುವಾಗ ರಕ್ತ ಬಂತಾ ಅಮ್ಮಾ?”

“ಅಯ್ಯೋ, ಬರ್ದೆ ಇರ್ತದಾ? ಒಂದೆರಡು ಕಡೆ ನಿಲ್ಲಾಕೇ ಒಲ್ದು. ಅರಿಶಿನ ಇಟ್ಟು ಒತ್ತಿ ಇಡ್ಕಂಡೆ. ಬೆರಳು ತೆಗೆದ್ರೆ ಮತ್ತೆ ತೊಟ್ಟಿಕ್ಕೋದು.”

“ಎಷ್ಟು ಹೊತ್ತು?”

ಅಮ್ಮ ಯೋಚಿಸಿದಳು. “ಒಂದು ಎಲಡಿಕೆ ಆಕ್ಕಂಡು, ಅಗಿದು ಉಗಿಯೋವಷ್ಟು.”

ಸಾರ್ ತಲೆಯಾಡಿಸಿದರು. ಬಹಳ ಹೊತ್ತು ತಲೆಯಾಡಿಸುತ್ತಲೇ ಇದ್ದರು. “ಹಾಗಾದ್ರೆ ಎರಡನೇ ಸಲ ನೀವು ನೋಡಿಬಿಟ್ರಿ” ಎಂದರು. ಅದು ಅಮ್ಮನಿಗೆ ತಿಳಿಯಲಿಲ್ಲ. ಸಾರ್ ಎದ್ದು, ಫ್ಲಾಸ್ಕಿನ ಮುಚ್ಚಳ ತೆಗೆದು, ಐಸನ್ನೆಲ್ಲ ಕರುವಿನ ನೀರಿನ ಬಕೆಟ್ಟಿಗೆ ಸುರಿದರು. ಕರು ಮೂತಿಯಿಟ್ಟು ಬೆಚ್ಚಿ ಹಿಂದೆ ಸರಿದು, ಮತ್ತೆ ಬಂದು ಮೂಸಿತು.

ಅಮ್ಮ ಒಳಗಿನಿಂದ ಎಳ್ಳುಬೆಲ್ಲದ ತಟ್ಟೆ ತಂದು ಅವರ ಮುಂದೆ ಹಿಡಿದಳು. ಅವರು ಎರಡೂ ಕೈಯೊಡ್ಡಿ ತೆಗೆದುಕೊಂಡು ಬಾಯಿಗೆ ಹಾಕಿಕೊಂಡರು. ಅಗಿಯುತ್ತ ಹೊಸ ಅಂಗಿಯ ತೋಳಿನಿಂದ ಕನ್ನಡಕದ ಕೆಳಗೆ ಒರೆಸಿಕೊಂಡಾಗ ಅಮ್ಮ ಅವರನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು.

“ಯಾಕ್ ಸಾಮಿ? ಏನಾರ ಯಡವಟ್ಟು ಆಯ್ತಾ?”

“ಏನಿಲ್ಲಮ್ಮ. ಎಳ್ಳು ಗಂಟ್ಲಿಗೆ ಸಿಕ್ತು.”

ಅಮ್ಮನಿಗೆ ನಂಬಿಕೆ ಬರಲಿಲ್ಲ. ತಟ್ಟೆ ಹಿಡಿದುಕೊಂಡೇ ಕರುವಿನ ಕಡೆ ಹೋಗಿ, ಅದರ ಕಿವಿಯನ್ನು ಅಂಗೈಯಲ್ಲಿ ಮುಚ್ಚಿಕೊಂಡು ನಿಂತಳು.

“ವರ್ಷದ ಮ್ಯಾಲೆ ಬಂದ ಅಬ್ಬ” ಎಂದಳು. “ಕಿವಿ ತೊಳ್ದೆ, ಅಷ್ಟೇಯ.”